ದಿರಿಯೆ ಹೇಳದೆ ಬಿಟ್ಟ ಸಾಲುಗಳು

ದಿರಿಯೆ ನನ್ನ ಚಿಕ್ಕಪ್ಪ. ಅಕ್ಷರ ಬಾರದವನು, ತಲೆಯಲ್ಲಿ ಮಾತ್ರ ಮುನ್ನೂರು ಪದ್ಯ. ಒಂದೂ ತನ್ನದಲ್ಲ. ಕವಿಗಳು ಕಟ್ಟಿದ್ದನ್ನು ಬಾಯಿಪಾಠ ಮಾಡಿ, ಬಾವಿಯಿಂದ ಬಾವಿಗೆ ಒಯ್ದು, ಮೊದಲು ಕವಿಯ ಹೆಸರು ಹೇಳಿ ಆಮೇಲೆ ಪದ್ಯ ಒಪ್ಪಿಸುವುದು ಅವನ ಕಸುಬು. ಒಂದಕ್ಷರ ಆಚೀಚೆ ಆಗಬಾರದು. ಒಂಟೆ ಮೇಯಿಸುವ ನಮ್ಮ ಬುರಾವೊ ಸೀಮೆಯಲ್ಲಿ ಅವನ ಬಾಯಿಂದ ಬಂದದ್ದನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಬಾವಿಯ ಸರದಿಗಾಗಿ ಜಗಳವಾಗಿ ಆಚೆ ಕುಲದವರು ನನ್ನಪ್ಪನನ್ನು ಕೊಂದರು. ನನಗೆ ಅಣ್ಣತಮ್ಮಂದಿರಿಲ್ಲ. ಸೇಡು ತೀರಿಸುವುದಿದ್ದರೆ ಅದು ದಿರಿಯೆಯ ಮಗ ಶಿರ್ದೋನನ ಪಾಲಿಗೆ. ಅವನಿಗಿನ್ನೂ ಹತ್ತೊಂಬತ್ತು. ಹಿರಿಯರು ಮರದಡಿ ಕೂತು, ನೂರು ಒಂಟೆ ಪಡೆದು ರಾಜಿಯಾಗೋಣ ಎಂದರು. ನಮ್ಮ ಕವಿ ಗೆಲ್ಲೆಗೆ ಅದು ಹಿಡಿಸಲಿಲ್ಲ. ಮನೆಯಲ್ಲೇ ಕೂತು ಪದ್ಯ ಕಟ್ಟಿ, ರಾಜಿಯ ಸಭೆಯಲ್ಲಿ ಹೇಳು ಎಂದು ದಿರಿಯೆಯನ್ನು ಕಳಿಸಿದ. ಕೊನೆಯ ನಾಲ್ಕು ಸಾಲು ಶಿರ್ದೋನನಿಗೇ: ದೊಡ್ಡಪ್ಪನ ರಕ್ತ ಮಾರಿ ಹಾಲು ಕುಡಿಯುವವನೇ, ನಿನ್ನ ಈಟಿಯನ್ನು ಹೆಂಗಸರಿಗೆ ಕೊಡು ಎಂದು.

"ಚಿಕ್ಕಪ್ಪ, ಇದನ್ನ ಕೇಳಿದ್ಮೇಲೆ ಶಿರ್ದೋನ್ ಸುಮ್ನಿರ್ತಾನಾ?" ಎಂದೆ.

"ಇರಲ್ಲ ಕಣೇ. ಹೋಗಿ ಸಾಯ್ತಾನೆ."

"ಗೊತ್ತಿದ್ದೂ ಹೇಳ್ತೀಯಾ?"

"ನಾನು ಹೊರೆ ಹೊರೋ ಒಂಟೆ ಕಣಮ್ಮ. ಹೊರೆ ಬಿಚ್ಚಿ ನೋಡೋ ಹಾಗಿಲ್ಲ."

ಸಭೆಯಲ್ಲಿ ಗೆಲ್ಲೆಯ ಹೆಸರು ಹೇಳಿ ಶುರುಮಾಡಿದ. ಮಗ ಎದುರಿಗೇ ಕೂತಿದ್ದ. ಕೊನೆ ಬರುತ್ತಿದ್ದಂತೆ ದಿರಿಯೆ ಕೆಮ್ಮಿದ. "ಇಷ್ಟೇ, ಮುಗೀತು," ಎಂದು ಕೂತುಬಿಟ್ಟ. ಇನ್ನು ಸೇಡಿಲ್ಲವೆಂದು ಎರಡೂ ಕಡೆ ಆಣೆಗಳಾದವು, ಒಂಟೆಗಳು ಬಂದವು.

ತಿಂಗಳಾದ ಮೇಲೆ ಗೆಲ್ಲೆ ಬಾವಿಗೆ ಬಂದು, ಎಲ್ಲರೆದುರು ಆ ನಾಲ್ಕು ಸಾಲು ಹೇಳಿದ. "ದಿರಿಯೆ, ಇದನ್ನ ದಾರೀಲಿ ನರಿ ತಿಂತೇನೋ?" ಎಂದ. ಎಲ್ಲರೂ ನಕ್ಕರು. ಆಣೆ ಮುರಿಯುವಂತಿರಲಿಲ್ಲ, ಹಾಗಾಗಿ ಶಿರ್ದೋನ್ ಬದುಕಿಕೊಂಡ. ಆದರೆ ತನ್ನನ್ನು ಹೇಡಿ ಮಾಡಿದನೆಂದು ಅಪ್ಪನ ಜೊತೆ ಮಾತು ಬಿಟ್ಟ. ಚಿಕ್ಕಪ್ಪ ಎಲ್ಲಾದರೂ ಬಾಯಿ ತೆರೆದರೆ ಸಾಕು, "ಪೂರ್ತಿ ಹೇಳ್ತೀಯೋ, ಅರ್ಧ ಹೊಟ್ಟೇಲೇ ಇಟ್ಕೋತೀಯೋ?" ಎನ್ನುವರು. ಕರೆಯುವವರೇ ಇಲ್ಲವಾದರು. ಆ ಜನರನ್ನು ನಾನು ಈಗಲೂ ಕ್ಷಮಿಸಿಲ್ಲ.

ಹೀಗೇ ಹದಿನೈದು ವರ್ಷ ಕಳೆದವು. ನಮ್ಮ ಭಾಷೆಗೆ ಲಿಪಿ ಬಂದ ವರ್ಷ ನಾನು ಬರೆಯಲು ಕಲಿತು, ನೋಟ್‌ಬುಕ್ ಹಿಡಿದು ಹೋದೆ.

"ಹೇಳು ಚಿಕ್ಕಪ್ಪ, ಎಲ್ಲಾ ಬರ್ಕೋತೀನಿ."

"ಯಾರ ಬಾಯಿಂದ ಬಂತು ಅಂತ ಬರೀತೀಯಾ?"

"ದಿರಿಯೆ ಬಾಯಿಂದ."

"ಹಾಗಾದ್ರೆ ಬೇಡ. ಇದ್ರಲ್ಲಿ ಎಷ್ಟು ಬಿಟ್ಟಿದಾನೋ ಅಂತಾರೆ. ಸತ್ತ ಕವಿಗಳಿಗೂ ನನ್ನಿಂದ ಕೆಟ್ಟ ಹೆಸರು."

ಕಾಡಿದೆ, ಬೈದೆ, ಅತ್ತೆ. ಜಗ್ಗಲಿಲ್ಲ. ಆರು ತಿಂಗಳಲ್ಲಿ ತೀರಿಕೊಂಡ. ಅವನೊಬ್ಬನಿಗೇ ಗೊತ್ತಿದ್ದ ಪದ್ಯಗಳೆಷ್ಟೋ ಅವನ ಜೊತೆಗೇ ಹೋದವು.

ಮಣ್ಣು ಮಾಡಿ ಬಂದ ಶಿರ್ದೋನ್ ಕೈ ತೊಳೆಯುತ್ತಾ, "ಅವತ್ತು ಅಪ್ಪ ಪೂರ್ತಿ ಹೇಳ್ಬೇಕಿತ್ತು ಅಕ್ಕ," ಎಂದ.

ಅಂಗಳದಲ್ಲಿ ಅವನ ಆರು ಮಕ್ಕಳೂ ನಿಂತಿದ್ದವು.

"ಇವ್ರಲ್ಲಿ ಯಾರು ಹುಟ್ಟಬಾರ್ದಿತ್ತು, ನೀನೇ ತೋರ್ಸು," ಎಂದೆ.

ಅವನು ಕೈ ತೊಳೆಯುತ್ತಲೇ ಇದ್ದ.