ಕಾಂಪೌಂಡಿನ ಮೇಲಿನ ಬೆಂಕಿಪೊಟ್ಟಣ

ನಿಜ ಹೇಳಿಬಿಡ್ತೀನಿ: ಪಕ್ಕದ ಮನೆಯಾಕೆಯ ಹೆಸರು ತಿಳಿಯೋಕೆ ನನಗೆ ಎರಡು ವರ್ಷ ಹಿಡಿಯಿತು, ಜೊತೆಗೊಂದು ಬೆಂಕಿಯೂ ಬೇಕಾಯಿತು.

ನಾವು ತರೀಕೆರೆಯ ಪೇಟೆ ಬೀದಿ ಬಿಟ್ಟು ಅಜ್ಜಂಪುರದ ಹೊಸ ಬಡಾವಣೆಗೆ ಬಂದವರು. ಪೇಟೆ ಬೀದಿಯಲ್ಲಿ ನಮ್ಮ ಒಗ್ಗರಣೆಗೆ ಮೂರನೇ ಮನೆಯವರು ಸೀನುತ್ತಿದ್ದರು. ಒಲೆ ಹಚ್ಚಲು “ಬೆಂಕಿ ಕೊಡ್ರೀ” ಅಂತ ಚಿಪ್ಪು ಹಿಡಿದು ಹೋದರೆ ಕೆಂಡದ ಜೊತೆ ಅರ್ಧ ಗಂಟೆ ಮಾತೂ ಸಿಗುತ್ತಿತ್ತು. ಇಲ್ಲಿ ಮನೆಮನೆಗೂ ಎದೆಮಟ್ಟದ ಕಾಂಪೌಂಡು. ಹೆಸರಿಲ್ಲ, ನಂಬರು. ನಾನು ಹದಿನಾರನೇ ಸೈಟು, ಆಕೆ ಹದಿನೇಳು. ಪೂಜೆಗೆ ಕೂತರೆ, ಶಿವನೂ ನನ್ನನ್ನು ನಂಬರಿನಿಂದಲೇ ಗುರುತಿಟ್ಟುಕೊಂಡಿದ್ದಾನೋ ಏನೋ ಅನ್ನಿಸೋದು.

ಮೊದಲು ಇದು ದನ ಮೇಯುತ್ತಿದ್ದ ಕಾವಲು. ಹುಲ್ಲು ಮೊಣಕಾಲು ಮುಟ್ಟುತ್ತಿರಲಿಲ್ಲ. ಸೈಟಿನ ಕಲ್ಲು ನೆಟ್ಟ ಮೇಲೆ ದನಗಳಿಗೆ ದಾರಿ ಮುಚ್ಚಿತು. ಸೈಟು ಕೊಂಡವರು ಕಡೂರಿನಲ್ಲೇ ಉಳಿದರು. ಮನೆ ಏಳಬೇಕಾದ ಕಡೆ ಹುಲ್ಲು ಎದ್ದಿತು, ಸೊಂಟದೆತ್ತರ. ಒಣಗಿದಾಗ “ಚಿನ್ನದ ಹಾಗೆ ಹೊಳೀತಿದೆ ನೋಡ್ರೀ” ಅಂತ ನಮ್ಮನೆಯವರನ್ನು ಕರೆದು ತೋರಿಸಿದ ಪುಣ್ಯಾತ್ಗಿತ್ತಿ ನಾನೇ. ಅದೇ ಹುಲ್ಲಿನ ನಡುವೆ ಸೈಟಿನ ಕಲ್ಲಿಗೆ ಕರು ಗೌರಿಯನ್ನು ಕಟ್ಟುತ್ತಿದ್ದವಳೂ ನಾನೇ.

ಶಿವರಾತ್ರಿ ಹತ್ತಿರದ ಒಂದು ಮಧ್ಯಾಹ್ನ. ವಿಭೂತಿ ಹಚ್ಚಿಕೊಂಡು ಹೊರಗೆ ಬಂದರೆ ಕಾವಲಿನ ಕಡೆಯಿಂದ ಬೆಂಕಿ ಸಾಲಾಗಿ, ಗಾಳಿಯ ಜೊತೆ ಬರುತ್ತಿದೆ. ಗೌರಿ ಹಗ್ಗ ಜಗ್ಗಿ ಅರಚುತ್ತಿದೆ. ಪೇಟೆ ಬೀದಿಯಾದರೆ ಒಂದು ಕೂಗಿಗೆ ಇಪ್ಪತ್ತು ಜನ. ಇಲ್ಲಿ ಯಾರ ಹೆಸರು ಅಂತ ಕೂಗಲಿ?

“ರೀ, ಹದಿನೇಳೂ! ಬೆಂಕಿ ರೀ, ಬೆಂಕಿ!”

“ಅಷ್ಟಕ್ಯಾಕ್ರೀ ಊರೆಲ್ಲ ಕೇಳೋ ಹಂಗೆ ಕೂಗ್ತೀರಾ? ಇರಿ, ಕೊಡ್ತೀನಿ.”

ಕಾಂಪೌಂಡಿನಾಚೆ ಕೂತಿದ್ದಾಕೆಯ ಬಳೆಯ ಕೈ ಮೇಲೆ ಬಂತು. ಕಾಂಪೌಂಡಿನ ಮೇಲೆ ಬೆಂಕಿಪೊಟ್ಟಣ ಇಟ್ಟಿತು. ನಾನು ಅದನ್ನೊಮ್ಮೆ, ಉರಿಯನ್ನೊಮ್ಮೆ ನೋಡಿದೆ.

“ಹಚ್ಚೋಕಲ್ಲ ಕಣ್ರೀ, ಆರ್ಸೋಕೆ!”

ಆಗ ಕೈಯ ಹಿಂದೆ ತಲೆ ಕಾಣಿಸಿತು. ಆ ಗುಂಡು ದೇಹ ನೆನೆದ ಗೋಣಿಚೀಲ ಹಿಡಿದು ಕಾಂಪೌಂಡು ಹಾರಿದ್ದನ್ನು ಕಣ್ಣಾರೆ ನೋಡಿದ ನನಗೇ ನಂಬಲಾಗಲಿಲ್ಲ. ಆಕೆ ಹುಲ್ಲು ಬಡಿಯುತ್ತಿದ್ದರೆ ನಾನು ಹಗ್ಗದ ಗಂಟಿನ ಜೊತೆ ಒದ್ದಾಡುತ್ತಿದ್ದೆ.

“ಲೇ, ಗಂಟು ಬಿಡ್ತಾ ಕೂತ್ಯಲ್ಲೇ! ಕತ್ತಿನ ಕಡೆಯಿಂದ ಹಗ್ಗ ಜಾರಿಸೇ!”

ಆ ‘ಲೇ’ ಕಿವಿಗೆ ಬಿದ್ದಿದ್ದೇ ಪೇಟೆ ಬೀದಿಯೇ ಬಂದು ಬೆನ್ನಿಗೆ ನಿಂತ ಹಾಗಾಯಿತು. ಜಾರಿಸಿದೆ. ಗೌರಿ ನೆಗೆದು ಓಡಿತು. ಬೆಂಕಿ ಜಲ್ಲಿ ರಸ್ತೆಯವರೆಗೆ ಬಂದು, ತಿನ್ನಲು ಏನೂ ಸಿಗದೆ ಸತ್ತಿತು. ಸುಟ್ಟಿದ್ದು ಕರುವಿನ ಬಾಲದ ಕೂದಲು, ನನ್ನ ಒಂದು ಹುಬ್ಬು. ಅಷ್ಟರಲ್ಲೇ ಮುಗಿಸಿದ ಶಿವ.

“ನಿಮ್ಮ ಹೆಸರೇನ್ರೀ?” ಅಂದೆ, ಏದುಸಿರು ಬಿಡುತ್ತಾ.

“ಶಾಂತಮ್ಮ.”

ಕಾಂಪೌಂಡಿನ ಕಲ್ಲು ತೆಗೆದು ಈಗ ದಾರಿ ಮಾಡಿದ್ದೇವೆ. ತೊಂದರೆ ಒಂದೇ. ಮೊನ್ನೆ ಸಂಜೆ ದೀಪ ಹಚ್ಚಲು ಹೋಗಿ, “ಶಾಂತಮ್ಮಾ, ಬೆಂಕಿ!” ಅಂದೆ. ತುಂಬಿದ ಕೊಡ ಎತ್ತಿಕೊಂಡು ಓಡಿ ಬಂದಳು, “ಎಲ್ಲೇ?” ಅಂತ.

ಬೆಂಕಿಪೊಟ್ಟಣ ತಂದಿರಲಿಲ್ಲ. ನಕ್ಕು ಕೂತೆವು. ದೀಪ ತಡವಾಯಿತು, ಶಿವ ಕಾದ.