ಮೂರನೆಯ ಗೇರು ಹಿಡಿದವಳು

ನಮ್ಮ ಕಾರಿನ ಮೂರನೆಯ ಗೇರನ್ನು ಎರಡು ವರ್ಷ ಕೈಯಲ್ಲಿ ಹಿಡಿದುಕೊಂಡು ಕೂತವಳು ನಾನು. ಇದನ್ನು ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಕಾರು ಓಡಿಸಿದವರು ನಮ್ಮ ಯಜಮಾನರು, ಆದರೆ ಅದು ಓಡಿದ್ದು ನನ್ನ ಕೈಯಿಂದ ಎನ್ನಲು ನನಗೇನೂ ಸಂಕೋಚವಿಲ್ಲ.

ಐವತ್ತರ ದಶಕದ ಮಾತು. ಚಾಮರಾಜನಗರದ ರೈಲ್ವೆ ಸ್ಟೇಷನ್ನಿನ ಮುಂದೆ ನಮ್ಮ ಬಾಡಿಗೆ ಕಾರು ನಿಲ್ಲುತ್ತಿತ್ತು. ಯುದ್ಧಕ್ಕೆ ಮೊದಲಿನ ಗಾಡಿ. ಮೈಸೂರಿನಲ್ಲಿ ಯಾರೋ ಡಾಕ್ಟರು ಓಡಿಸಿ ಬೇಸತ್ತು ಬಿಟ್ಟದ್ದನ್ನು ಯಜಮಾನರು ತಮ್ಮ ಪಾಲಿನ ಹೊಲ ಮಾರಿ ಕೊಂಡು ತಂದಿದ್ದರು. ಮೈಸೂರಿನ ರೈಲಿನಲ್ಲಿ ಬಂದಿಳಿದವರನ್ನು ಉಡಿಗಾಲಕ್ಕೋ ಗುಂಡ್ಲುಪೇಟೆಗೋ ಬಿಟ್ಟು ಬರುವುದು ಅವರ ಕಸುಬು. ನಾನು ಕುದೇರಿನವಳು. ಮದುವೆಯಾಗಿ ಬಂದ ಮೇಲೆ ನಾನು ಕಂಡದ್ದು ನಮ್ಮ ಬೀದಿ, ಬೀದಿಯ ಬಾವಿ ಮತ್ತು ಅತ್ತೆಯ ಮುಖ. ಮೂರೂ ದಿನಾ ಒಂದೇ ಥರ ಇರುತ್ತಿದ್ದವು.

ಆ ಗಾಡಿಗೆ ಇದ್ದದ್ದು ಮೂರು ಗೇರು. ಮೊದಲಿನ ಎರಡು ಸರಿಯಾಗಿದ್ದವು. ಮೂರನೆಯದಕ್ಕೆ ಹಾಕಿದರೆ ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಗೇರಿನ ಕಡ್ಡಿ ಟಕ್ಕನೆ ಹಾರಿಬಿಡುತ್ತಿತ್ತು. ಇಂಜಿನ್ನು ಕಿರುಚಿಕೊಳ್ಳುತ್ತಿತ್ತು, ಗಾಡಿ ಮಾತ್ರ ನಿಧಾನವಾಗುತ್ತಿತ್ತು. ತಾವೇ ಒಂದು ಕೈಯಲ್ಲಿ ಹಿಡಿಯೋಣವೆಂದರೆ ಸ್ಟೀರಿಂಗು ಬಲು ಬಿಗಿ, ಅದಕ್ಕೇ ಎರಡು ಕೈ ಬೇಕು. ಕಡ್ಡಿಯನ್ನು ಹಗ್ಗದಿಂದ ಸೀಟಿಗೆ ಕಟ್ಟಿ ನೋಡಿದರು. ದನ ಅಡ್ಡ ಬಂದಾಗ ಗಂಟು ಬಿಚ್ಚುವುದರೊಳಗೆ ಇಂಜಿನ್ನು ನಿಂತುಹೋಗುತ್ತಿತ್ತು, ಬಾಡಿಗೆ ಕೊಟ್ಟು ಕೂತವರೇ ಇಳಿದು ನೂಕಬೇಕಾಗುತ್ತಿತ್ತು.

ಒಂದು ಹಬ್ಬಕ್ಕೆ ನಾವಿಬ್ಬರೂ ಕುದೇರಿಗೆ ಹೊರಟಿದ್ದೆವು. ದಾರಿಯಲ್ಲಿ ಗೇರು ಹಾರಿ ಹಾರಿ ಅವರಿಗೆ ರೋಸಿಹೋಯಿತು.

“ಅದನ್ನ ಇಂದಕ್ಕೆ ಎಳ್ದು ಗಟ್ಟಿಯಾಗಿ ಇಡ್ಕಮ್ಮಿ,” ಅಂದರು.

ಹಿಡಿದೆ. ಕುದೇರಿನವರೆಗೂ ಗೇರು ಹಾರಲಿಲ್ಲ. ಹಬ್ಬ ಮುಗಿಸಿ ಬಂದ ಮಾರನೆಯ ದಿನ ಬಾಡಿಗೆಗೂ ನನ್ನನ್ನು ಕರೆದರು. ಅತ್ತೆ ಬಾಗಿಲಿಗೆ ಬಂದು ನಿಂತರು.

“ಗಂಡನ್ ಪಕ್ಕ ಕೂತ್ಕಂಡು ಮೆರವಣ್ಗೆ ಒಂಟವ್ಳೆ ನೋಡು! ಊರೋರು ಏನಂದಾರು?”

“ಅವ್ಳು ಬರ್ದಿದ್ರೆ ಗಾಡಿ ಓಡಕಿಲ್ಲ ಕಣವ್ವ,” ಅಂದರು ಮಗ.

ಅತ್ತೆ ಸೆರಗು ಕೊಡವಿಕೊಂಡು ಒಳಗೆ ಹೋದರು. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ಮುಖ ತೋರಿಸದೆ ಹೋಗಿ ಗಾಡಿ ಹತ್ತಿದೆ.

ಹಾಗೆ ಶುರುವಾಯಿತು. ನಮ್ಮಿಬ್ಬರ ನಡುವೆ ದಾರಿಯುದ್ದಕ್ಕೂ ಎರಡೇ ಮಾತು. “ಇಡಿ” ಅಂದರೆ ಹಿಡಿಯಬೇಕು, “ಬುಡು” ಅಂದರೆ ಬಿಡಬೇಕು. ತಿಂಗಳೊಪ್ಪತ್ತಿನಲ್ಲಿ ಅವರು ಹೇಳುವ ಮೊದಲೇ ಇಂಜಿನ್ನಿನ ಸದ್ದಿನಲ್ಲೇ ನನಗೆ ತಿಳಿಯುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ಆದರೆ ತೆರಕಣಾಂಬಿಯಲ್ಲಿ ಅರಿಸಿನ ಬೇಯಿಸುವ ಹೊಗೆ ಕಂಡೆ, ಗುಂಡ್ಲುಪೇಟೆಯ ಸಂತೆ ಕಂಡೆ, ಅಲ್ಲಿನ ಹೋಟೆಲಿನಲ್ಲಿ ಗಂಡಸರ ಹಾಗೆ ಬೆಂಚಿನ ಮೇಲೆ ಕೂತು ಕಾಫಿ ಕುಡಿದೆ. ಬೊಬ್ಬೆ ಯಾವ ಲೆಕ್ಕ?

ಎರಡನೆಯ ವರ್ಷ ಗೇರ್ ಬಾಕ್ಸು ಗುರುಗುಟ್ಟತೊಡಗಿತು. ಮೆಕ್ಯಾನಿಕ್ಕು ಬಿಚ್ಚಿ ನೋಡಿ, “ಗೇರಿನ ಅಲ್ಲುಗಳೆಲ್ಲ ಸವ್ದೋಗವೆ. ಇಂಥದೇ ಗಾಡಿ ಎಲ್ಲಾರ ಕೆಟ್ಟು ನಿಂತಿದ್ರೆ ಅದರ ಗೇರ್ ಬಾಕ್ಸ್ ತಂದು ಕೂರುಸ್ಬೇಕು. ಇಲ್ಲಾಂದ್ರೆ ಮಾರ್ಬುಡಿ,” ಅಂದ.

ರಿಪೇರಿಯೋ ಮಾರಾಟವೋ ಎಂದು ಮನೆಯಲ್ಲಿ ಒಂದು ತಿಂಗಳು ಚರ್ಚೆ ನಡೆಯಿತು. ಬಸ್ಸಿನ ಡ್ರೈವರ್ ಕೆಲಸ ಕೊಡುತ್ತೇನೆಂದು ಯಜಮಾನರಿಗೆ ಒಬ್ಬರು ಹೇಳಿದ್ದರು. ತಿಂಗಳಿಗೆ ಸರಿಯಾಗಿ ಸಂಬಳ ಬರುವ ಕೆಲಸ. ಅತ್ತೆ ಮಾರು ಅಂದರು. ಯಜಮಾನರ ಮನಸ್ಸೂ ಅತ್ತಲೇ ವಾಲಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ವಾಡಿಕೆಯೂ ಇರಲಿಲ್ಲ. ಕಾರು ಹೋದರೆ ನಾನು ಮತ್ತೆ ಬಾವಿಯ ಹತ್ತಿರ ಮಾತ್ರ ಹೋಗುವವಳು. ಬಸ್ಸಿನ ಗೇರು ಹಿಡಿಯಲು ಯಾರೂ ಹೆಂಡತಿಯನ್ನು ಕರೆಯುವುದಿಲ್ಲವಲ್ಲ.

ಗುಂಡ್ಲುಪೇಟೆಯಿಂದ ಒಬ್ಬ ಮೆಣಸಿನ ವ್ಯಾಪಾರಿ ಕೊಳ್ಳಲು ಬಂದರು. ಅವರ ಊರಿನವರೆಗೂ ಗಾಡಿಯಲ್ಲೇ ಹೋಗಿ ನೋಡಿ, ಆಮೇಲೆ ಮಾತು ಅಂದರು. ಯಜಮಾನರು ಒಳಗೆ ಬಂದು ನನಗೆ ಪಿಸುಗುಟ್ಟಿದರು.

“ನೀನೂ ಬಾ. ಸೆರಗು ಮುಚ್ಕಂಡು ಇಡ್ಕೊ. ಅವ್ರಿಗೆ ಗೊತ್ತಾಗ್ಬಾರ್ದು.”

“ಅದು ಮೋಸ ಅಲ್ವಾ?”

“ಗಾಡಿ ಮಾರೋರೆಲ್ಲ ಮಾಡೋದೇ ಕಣಮ್ಮಿ.”

ವ್ಯಾಪಾರಿ ಹಿಂದಿನ ಸೀಟಿನಲ್ಲಿ ಕೂತರು. ನಾನು ನೆಂಟರ ಮನೆಗೆ ಹೊರಟವಳ ಹಾಗೆ ಮುಂದೆ ಕೂತು, ಸೆರಗಿನಡಿ ಕೈ ಚಾಚಿ ಕಡ್ಡಿ ಹಿಡಿದೆ. ಆವತ್ತು “ಇಡಿ, ಬುಡು” ಅನ್ನುವಂತಿರಲಿಲ್ಲ. ಒಂದು ಸಲ ಕೆಮ್ಮಿದರೆ ಹಿಡಿ, ಎರಡು ಸಲ ಕೆಮ್ಮಿದರೆ ಬಿಡು ಎಂದು ಯಜಮಾನರು ಹೇಳಿಕೊಟ್ಟಿದ್ದರು. ಉಡಿಗಾಲ ದಾಟುವಷ್ಟರಲ್ಲಿ ವ್ಯಾಪಾರಿ, “ಮೆಣಸಿನ ಕಷಾಯ ಕುಡೀರಿ, ಎದೆ ಕಟ್ಟಿರಂಗದೆ,” ಅಂದರು. ನನಗೆ ನಗು ತಡೆಯಲಾಗಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡೆ.

ತೆರಕಣಾಂಬಿ ದಾಟಿದ ಮೇಲೆ ಅವರು ಸೀಟಿಗೆ ಒರಗಿ, “ಗಾಡಿ ಚೆಂದಾಗದೆ. ಊರು ಸೇರ್ತಿದ್ದಂಗೆ ಮಾತು ಮುಗ್ಸನ,” ಅಂದರು.

ನನ್ನ ನಗು ಅಲ್ಲಿಗೇ ನಿಂತಿತು. ಯೋಚಿಸಿ ಮಾಡಿದೆನೆಂದು ಹೇಳಲಾರೆ. ಕೈ ತೆಗೆದುಬಿಟ್ಟೆ.

ಕಡ್ಡಿ ಹಾರಿತು. ಇಂಜಿನ್ನು ಕಿರುಚಿತು. ಯಜಮಾನರು ಕೆಮ್ಮಿದರು, ಮತ್ತೆ ಮತ್ತೆ ಕೆಮ್ಮಿದರು. ನಾನು ಮುಂಗೈ ಉಜ್ಜಿಕೊಳ್ಳುತ್ತಾ, “ಕೈ ಜೋಮು ಇಡ್ದೋಯ್ತು,” ಅಂದೆ. ವ್ಯಾಪಾರಿ ಮುಂದಕ್ಕೆ ಬಗ್ಗಿ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು.

“ಈಯಮ್ಮನ್ನೂ ಸೇರ್ಸೇ ಮಾರ್ತೀರೋ ಎಂಗೆ?”

ಯಜಮಾನರ ಮುಖ ಕಿವಿಯವರೆಗೂ ಕೆಂಪೇರಿತು. ನನಗೂ ನಾಚಿಕೆಯಾಯಿತು, ಆದರೆ ಗಾಡಿ ಉಳಿಯಿತಲ್ಲ ಎಂಬ ಸಮಾಧಾನ ನಾಚಿಕೆಗಿಂತ ದೊಡ್ಡದಾಗಿತ್ತು. ವ್ಯಾಪಾರಿ ಊರಲ್ಲಿ ಇಳಿದು, ತಿರುಗಿಯೂ ನೋಡದೆ ಹೋದರು. ಸುದ್ದಿ ಹಬ್ಬಿ ಮತ್ತೆ ಕೊಳ್ಳುವವರು ಯಾರೂ ಬರಲಿಲ್ಲ. ಉಳಿದದ್ದು ರಿಪೇರಿಯೊಂದೇ. ಯಜಮಾನರು ಮೈಸೂರಿಗೆ ನಾಲ್ಕಾರು ಸಲ ಅಲೆದು, ಕೆಟ್ಟು ನಿಂತ ಅಂಥದೇ ಗಾಡಿಯೊಂದರ ಗೇರ್ ಬಾಕ್ಸು ತಂದು ಹಾಕಿಸಿದರು.

ಮಾರಾಟ ತಪ್ಪಿಸಿದ ಜಾಣೆ ನಾನು ರಿಪೇರಿಯಾದರೆ ಏನಾಗುತ್ತದೆ ಎಂದು ಯೋಚಿಸಿರಲೇ ಇಲ್ಲ. ಗಾಡಿ ಸರಿಯಾದ ದಿನ ತಲೆ ಬಾಚಿ, ಹೂ ಮುಡಿದು ಹೊರಗೆ ಬಂದೆ.

“ಇನ್ಮೇಲೆ ನೀ ಬರೋದು ಬ್ಯಾಡ ಕಣಮ್ಮಿ. ಗೇರು ತಾನೇ ನಿಲ್ತದೆ. ಮುಂದ್ಗಡೆ ಇನ್ನೊಬ್ರು ಕೂರ್ಬೋದು,” ಅಂದರು ಯಜಮಾನರು. ನನಗೆ ದೊಡ್ಡ ಉಪಕಾರ ಮಾಡಿದವರ ಹಾಗೆ ಅವರ ಮುಖ ಅರಳಿತ್ತು.

ಒಳಗೆ ಹೋಗಿ ಒರಳಿನ ಮುಂದೆ ಕೂತೆ. ಕಣ್ಣೀರು ಬಂತು. ಕಣ್ಣೀರು ಬಂದದ್ದಕ್ಕೆ ಸಿಟ್ಟೂ ಬಂತು.

ರೈಲು ಬಂದು ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲಲ್ಲೇ ಹಾರನ್ ಸದ್ದು ಕೇಳಿಸಿತು. ಹಿಂದಿನ ಸೀಟಿನಲ್ಲಿ ತುಂಬು ಬಸುರಿ ಮಗಳನ್ನು ಹೆರಿಗೆಗೆಂದು ಗುಂಡ್ಲುಪೇಟೆಗೆ ಕರೆದೊಯ್ಯುತ್ತಿದ್ದ ಒಬ್ಬ ಮುದುಕಿ ಕೂತಿದ್ದರು. ಯಜಮಾನರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

“ಎಣ್ಮಕ್ಕಳ ಜೊತ್ಗೆ ಇರ್ಲಿ ಅಂತ ಎಂಡ್ರನ್ನ ಕರ್ಕಂಡು ಓಡುಸ್ತೀಯ ಅಂತ ಅಲ್ವೇನಪ್ಪ ನಾವು ನಿನ್ನ ಗಾಡಿ ಅತ್ತೋದು? ಆಯಮ್ಮ ಬರ್ದಿದ್ರೆ ನಾವು ಬಸ್ಸಿಗೇ ಓಯ್ತೀವಿ.”

ಎರಡು ವರ್ಷ ಹೆಂಗಸರೆಲ್ಲ ಹಾಗೆ ತಿಳಿದುಕೊಂಡಿದ್ದರು. ಗೇರಿನ ಗೊಡವೆ ಅವರಿಗೇಕೆ? ಹೆಣ್ಣೊಬ್ಬಳು ಇರುವ ಗಾಡಿ ಎಂದು ಬಾಣಂತಿಯರನ್ನೂ ಹೊಸ ಮದುವಣಗಿತ್ತಿಯರನ್ನೂ ನಂಬಿ ನಮ್ಮ ಕಾರಿಗೆ ಹತ್ತಿಸುತ್ತಿದ್ದರು. ಇದು ಯಜಮಾನರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೈ ತೊಳೆದುಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತೆ.

ಅವರನ್ನು ಇಳಿಸಿ ಖಾಲಿ ಬರುವಾಗ ನಾನಾಗಿಯೇ ಬಾಯಿಬಿಟ್ಟೆ.

“ಆವತ್ತು ಕೈ ಜೋಮು ಇಡಿದಿರ್ನಿಲ್ಲ. ಬೇಕಂತ್ಲೇ ಬುಟ್ಟೆ.”

ಅವರು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು.

“ಮಾರೋದು ಬ್ಯಾಡ ಅಂತ ಒಂದ್ ಮಾತು ಯೋಳ್ಬಾರ್ದಾಗಿತ್ತಾ?”

“ಯೋಳಿದ್ರೆ ಕೇಳ್ತಿದ್ರಾ?”

ಅವರು ನಿಜವಾಗಿಯೂ ಯೋಚಿಸಿದರು.

“ಇಲ್ಲ ಕಣಮ್ಮಿ,” ಅಂದರು. “ಕೇಳ್ತಿರ್ನಿಲ್ಲ.”

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಮತ್ತೆ ನಾಲ್ಕು ವರ್ಷ ಆ ಗಾಡಿ ಓಡಿತು, ನಾನೂ ಕೂತೆ. ಕೊನೆಗೆ ಇಂಜಿನ್ನೇ ಕೈಕೊಟ್ಟಾಗ ಯಜಮಾನರು ಅತ್ತೆಯನ್ನು ಕೇಳುವುದಕ್ಕೂ ಮೊದಲು ನನ್ನ ಹತ್ತಿರ ಬಂದು, “ಮಾರ್ಬುಡನಾ?” ಅಂದರು. ಮಾರಲೇಬೇಕಾಗಿತ್ತು, ಯೋಚಿಸುವುದಕ್ಕೆ ಏನೂ ಇರಲಿಲ್ಲ. ಆದರೂ ನಾಳೆ ಹೇಳುತ್ತೇನೆ ಅಂದೆ. ನನ್ನನ್ನು ಕೇಳಿದ್ದರಲ್ಲ, ಅದನ್ನು ಒಂದು ದಿನವಾದರೂ ಇಟ್ಟುಕೊಳ್ಳೋಣ ಅನ್ನಿಸಿತು.