ಮೇಜಿನ ಎತ್ತರ

ನಮ್ಮಪ್ಪನನ್ನು ಬೀದಿಯವರೆಲ್ಲ ಮಾಸ್ಟರ್ ಅನ್ನುತ್ತಾರೆ. ಪಾಠ ಹೇಳುವ ಮಾಸ್ಟರ್ ಅಲ್ಲ, ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್. ತಾತ ಇಟ್ಟ ಟೈಲರ್ ಅಂಗಡಿಯಲ್ಲಿ ಟೇಪು, ಕತ್ತರಿ ಅಪ್ಪನದು; ಗಲ್ಲಾ, ಗಿರಾಕಿ, ಬಾಯಿಮಾತು ಚಿಕ್ಕಪ್ಪನದು. ತಾತ ಗಿಡ್ಡ. ಕಟಿಂಗ್ ಮೇಜನ್ನು ತನ್ನ ಸೊಂಟಕ್ಕೆ ಸರಿಯಾಗಿ ಮಾಡಿಸಿಕೊಂಡಿದ್ದ. ಅಪ್ಪನೋ ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಆಳು. ಆ ಮೇಜಿನ ಮೇಲೆ ಬಗ್ಗಿ ಬಗ್ಗಿಯೇ ಅವನ ಆಯುಷ್ಯ ಸವೆಯಿತು.

"ಮೇಜಿನ ಕಾಲಿನ ಕೆಳಗೆ ಇಟ್ಟಿಗೆ ಇಡೋಣ ಕಣೋ" ಎಂದು ಅಪ್ಪ ಎಷ್ಟು ಸಲ ಕೇಳಿದ್ದನೋ.

"ಅಪ್ಪ ನಿಂತು ದುಡಿದ ಮೇಜು ಅಣ್ಣಾ ಅದು. ಅದಕ್ಕೆ ಯಾರೂ ಕೈ ಹಚ್ಚೋದು ಬೇಡ" ಎಂದು ಚಿಕ್ಕಪ್ಪ ಕೈ ಮುಗಿದುಬಿಡುತ್ತಿದ್ದ. ತಾತನ ಹೆಸರು ಎತ್ತಿದರೆ ಅಪ್ಪನ ಬಾಯಿ ಕಟ್ಟಿಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೊಂದು ದಿನ ಎಡಗಾಲು ಮರಗಟ್ಟಿ ಅಪ್ಪ ಆ ಮೇಜಿನ ಬುಡದಲ್ಲೇ ಕುಸಿದ. ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಎರಡು ಮಣಿಗಳನ್ನು ರಾಡು, ಸ್ಕ್ರೂ ಹಾಕಿ ಒಂದಾಗಿಸಿದರು.

"ಮೇಜಿಗೆ ಹಾಕಬೇಕಾದ ಸ್ಕ್ರೂ ನನ್ನ ಬೆನ್ನಿಗೆ ಹಾಕಿದ್ರು ನೋಡೇ" ಎಂದು ಅಮ್ಮನನ್ನು ನಗಿಸಲು ನೋಡಿದ. ಅಮ್ಮ ನಗಲಿಲ್ಲ.

ಮನೆಗೆ ಬಂದ ಮೇಲೆ ಶುರುವಾಯಿತು ನರಕ. ಹಾಸಿಗೆಯಿಂದ ಏಳಬೇಕೆಂದರೆ ಮೊಣಕಾಲು ಮಡಚಿ, ಇಡೀ ಮೈಯನ್ನು ಮರದ ದಿಮ್ಮಿಯ ಹಾಗೆ ಒಂದೇ ಸಲಕ್ಕೆ ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಏಳಬೇಕು. ಬಗ್ಗುವಂತಿಲ್ಲ, ಸೊಂಟ ತಿರುಗಿಸುವಂತಿಲ್ಲ, ಕೊಡ ಎತ್ತುವಂತಿಲ್ಲ. ನೋವು ಏರುವ ಮೊದಲೇ ಮಾತ್ರೆ ನುಂಗಿ, ಆಮೇಲೆ ನಡೆದಾಡಿ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅಪ್ಪ ಎಡವಟ್ಟು ಮಾಡಿಕೊಂಡದ್ದು ಇಲ್ಲೇ. ಮಾತ್ರೆ ನುಂಗಿದ ಒಂದು ಮಧ್ಯಾಹ್ನ, ಕೈ ಹೇಗಿದೆ ನೋಡೋಣವೆಂದು ನಿಂತುಕೊಂಡೇ, ಗೋಡೆಗೆ ಒತ್ತಿ ಹಿಡಿದ ಹಳೇ ಬೆಡ್‌ಶೀಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಮಾತ್ರೆಯಿಂದಲೇ ಕೈ ನಡುಗಿತೆಂದುಕೊಂಡ; ಅಂದಿನಿಂದ ಮಾತ್ರೆಯೆಂದರೆ ವಿಷ.

"ನೋವಾದ್ರೆ ಸಹಿಸ್ಕೋತೀನಿ ಕಣೇ. ಕೈ ನಡುಗಿದ್ರೆ ಮೇಜಿನ ಹತ್ರ ಯಾರು ಬಿಟ್ಕೋತಾರೆ ನನ್ನ?"

"ಮೇಜಂತೆ ಮೇಜು! ಒಲೆಗೆ ಹಾಕ್ರಿ ಅದನ್ನ" ಎಂದು ಅಮ್ಮ ರೇಗುತ್ತಿದ್ದಳು. "ಡಾಕ್ಟ್ರು ಓದಿದ್ದು ದಂಡಕ್ಕಾ?"

ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಹಲ್ಲು ಕಚ್ಚಿ ಮಲಗಿದ. ನೋವಿಗೆ ನಡೆಯಲಾಗದೆ, ನಡೆಯದೆ ಇನ್ನಷ್ಟು ಸೆಟೆದುಕೊಂಡ. ದಿಂಬಿನ ಮೂಲೆ ಕಚ್ಚಿ ಕಚ್ಚಿ ಹರಿದುಹಾಕಿದ. ಕೈ ಮಾತ್ರ ನಡುಗಲಿಲ್ಲ, ಅದೊಂದೇ ಅವನ ಹೆಮ್ಮೆ.

ಹೀಗಿರುವಾಗ ಅಂಗಡಿಯಲ್ಲಿ ಗುಂಡಿ ಹೊಲಿಯುವ ಅಕ್ಕ ನೋಡಲು ಬಂದಳು. ಅದೂ ಇದೂ ಮಾತಾಡಿ, ಹೊರಡುವಾಗ ಬಾಗಿಲಲ್ಲಿ ನಿಂತು, "ಮೇಜಿಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದ್ದಾರೆ ಮಾಸ್ಟ್ರೇ" ಎಂದಳು. ಮುಂದೇನೋ ಹೇಳಲು ಬಾಯಿ ತೆರೆದು, ಅಪ್ಪನ ಮುಖ ನೋಡಿ ಚಪ್ಪಲಿ ಮೆಟ್ಟಿ ನಡೆದುಬಿಟ್ಟಳು.

ಅಪ್ಪನ ಕಣ್ಣು ತುಂಬಿತ್ತು. "ನೋಡಿದ್ಯಾ ಮಗಳೇ? ಎಷ್ಟಾದ್ರೂ ಒಡಹುಟ್ಟಿದವನು. ನನಗೋಸ್ಕರ ಅಪ್ಪನ ಮೇಜು ಮುಟ್ಟಿದ್ದಾನೆ."

ಮರುದಿನವೇ ಹಟ ಹಿಡಿದು, ಸೊಂಟಕ್ಕೆ ಬೆಲ್ಟು ಬಿಗಿದು, ನನ್ನ ಹೆಗಲು ಹಿಡಿದು ಹೊರಟ. ದಾರಿಯುದ್ದಕ್ಕೂ ಒಂದು ಸಲವೂ ಅಮ್ಮಾ ಅನ್ನಲಿಲ್ಲ.

ಮೇಜಿನ ಹಿಂದೆ ಅಪ್ಪನಷ್ಟೇ ಉದ್ದದ ಹೊಸಬನೊಬ್ಬ ನಿಂತು ಪ್ಯಾಂಟಿನ ಬಟ್ಟೆ ಕತ್ತರಿಸುತ್ತಿದ್ದ. ಕೈಯಲ್ಲಿ ಅಪ್ಪನ ಕತ್ತರಿ. ಚಿಕ್ಕಪ್ಪ ಗಲ್ಲಾದಿಂದ ದಡಬಡಿಸಿ ಎದ್ದ.

ಅಪ್ಪ ಅವನತ್ತ ನೋಡದೆ ಹೊಸಬನನ್ನೇ ಕೇಳಿದ. "ಯಾವಾಗ ಇಟ್ಟಿದ್ದಪ್ಪಾ ಈ ಇಟ್ಟಿಗೆ?"

"ನಾನು ಸೇರಿದ ದಿನಾನೇ ಸಾರ್" ಎಂದ ಆ ಪಾಪದವನು. "ಬೆಳಗ್ಗೆ ಸೊಂಟ ಹಿಡ್ಕೊಂಡಿದೆ ಅಂದೆ. ಊಟದ ಹೊತ್ತಿಗೆ ಓನರ್ರೇ ಇಟ್ಟಿಗೆ ಹೊತ್ಕೊಂಡು ಬಂದ್ರು."

ಅಪ್ಪ ಮೇಜಿಗೆ ತಾಗಿ ನಿಂತು ಅಂಗೈ ಊರಿದ. ಬೆನ್ನು ಒಂದಿಷ್ಟೂ ಬಗ್ಗಲಿಲ್ಲ. ಅಳತೆ ತೆಗೆದು ಮಾಡಿಸಿದ ಹಾಗೆ ಮೇಜು ಅವನ ಸೊಂಟಕ್ಕೆ ಸರಿಯಾಗಿ ಬರುತ್ತಿತ್ತು.

"ಇನ್ಮೇಲೆ ನೀನು ಆರಾಮಾಗಿ ಕೂತ್ಕೋ ಅಣ್ಣಾ, ಬಂದವರ ಹತ್ರ ಮಾತಾಡ್ಕೊಂಡು" ಎಂದು ಚಿಕ್ಕಪ್ಪ ಬಾಗಿಲ ಪಕ್ಕ ಕುರ್ಚಿ ಎಳೆದು ಹಾಕಿದ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ. ಅಪ್ಪ ಕೂರಲಿಲ್ಲ. ನನ್ನ ಹೆಗಲು ಹಿಡಿದು ಹೊರಗೆ ಬಂದ.

ಮನೆಗೆ ಬಂದವನೇ ಹಾಸಿಗೆಯ ಅಂಚಿನಲ್ಲಿ ಕೂತು ಅಮ್ಮನನ್ನು ಕೂಗಿದ.

"ಆ ಮಾತ್ರೆ ಎಲ್ಲಿಟ್ಟಿದ್ದೀಯೇ? ಕೊಡು."

ಅಂಗಡಿಯಲ್ಲಿ ಆದದ್ದು ತಿಳಿಯದ ಅಮ್ಮ, ಅಂತೂ ಬುದ್ಧಿ ಬಂತಲ್ಲ ಎಂದು ಖುಷಿಯಾಗಿ ನೀರು ತರಲು ಓಡಿದಳು.